ಆರು ವರ್ಷದ ಮಗಳಿಗೆ ಡಾಕ್ಟರ್, ಪೊಲೀಸ್ ಬಿಟ್ಟು ಬೇರೆ ಕೆಲಸಗಳನ್ನು ತೋರಿಸುವುದು ಹೇಗೆ?

ಹಳದಿ ಕೊಡೆ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಕೆಂಗೇರಿ ಕಡೆ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಹೋದ ವಾರ ಶಾಲೆಯಲ್ಲಿ "ದೊಡ್ಡವಳಾದ ಮೇಲೆ ಏನಾಗ್ತೀನಿ" ಅಂತ ವೇಷ ಹಾಕಿಕೊಂಡು ಬರುವ ದಿನ ಇತ್ತು. ಇವಳು "ನಾನು ರೋಡಿಗೆ ಬಿಳಿ ಗೆರೆ ಹಾಕೋಳು ಆಗ್ತೀನಿ" ಅಂದಳು. ಅದಕ್ಕೆ ಸ್ವಲ್ಪ ದಿನ ಮುಂಚೆ ನಮ್ಮ ರಸ್ತೆಗೆ ರಾತ್ರಿ ಹೊತ್ತು ಪಟ್ಟೆ ಬಳಿಯುತ್ತಿದ್ದರು. ಹೊಗೆ ಬರುವ ಗಾಡಿ ತಳ್ಳಿಕೊಂಡು ಒಬ್ಬರು ನಿಧಾನವಾಗಿ ಹೋಗುತ್ತಿದ್ದರು. ಬಾಲ್ಕನಿಯಲ್ಲಿ ನಿಂತು ಅರ್ಧ ಗಂಟೆ ನೋಡಿದ್ದಳು, ಊಟಕ್ಕೂ ಬರಲಿಲ್ಲ.

ಟೀಚರ್ ಫೋನ್ ಮಾಡಿ "ಸ್ವಲ್ಪ ಒಳ್ಳೆ ಕೆಲಸ ಆರಿಸಿ ಮೇಡಂ, ಫೋಟೋ ತೆಗೀತೀವಿ" ಅಂದರು. ನಾನು ಸುಮ್ನೆ ಹೂಂ ಅಂದುಬಿಟ್ಟೆ. ಡಾಕ್ಟರ್ ಕೋಟು ಬಾಡಿಗೆಗೆ ತಂದೆ. ಫೋಟೋದಲ್ಲಿ ಹನ್ನೊಂದು ಡಾಕ್ಟರು, ಆರು ಪೊಲೀಸು, ನಾಲ್ಕು ಸೈನಿಕರು. ಇವಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಆ ದಿನ ನಾನು ಆಗಲ್ಲ ಅನ್ನಬೇಕಿತ್ತು.

ನನ್ನ ಪ್ರಶ್ನೆ ಇಷ್ಟೇ. ಸುತ್ತಮುತ್ತ ಜನ ಮಾಡುವ ಬೇರೆ ಬೇರೆ ಕೆಲಸಗಳನ್ನು ಇಷ್ಟು ಚಿಕ್ಕ ಮಕ್ಕಳಿಗೆ ಹೇಗೆ ತೋರಿಸುತ್ತೀರಿ? ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಜಲ್ಲಿಕಲ್ಲು:
ನಾನು ರಸ್ತೆ ಕೆಲಸದಲ್ಲಿರುವ ಸಿವಿಲ್ ಎಂಜಿನಿಯರ್. ನಿಮ್ಮ ಮಗಳ ಆಯ್ಕೆ ನೋಡಿ ಖುಷಿಯಾಯಿತು ಅಕ್ಕ. ಅದು ಬರೀ ಪೇಂಟ್ ಅಲ್ಲ, ಪುಡಿ ರೂಪದಲ್ಲಿ ಬರುವ ಒಂಥರಾ ಪ್ಲಾಸ್ಟಿಕ್. ಅದನ್ನು ಬಾಯ್ಲರಿನಲ್ಲಿ ಚೆನ್ನಾಗಿ ಕಾಯಿಸಿ ಕರಗಿಸುತ್ತಾರೆ. ಗೆರೆ ಎಳೆಯುವ ಮುಂಚೆ ಇಬ್ಬರು ದಾರ ಹಿಡಿದು, ಉದ್ದಕ್ಕೂ ಗುರುತು ಹಾಕುತ್ತಾರೆ. ಗೆರೆ ನೆಟ್ಟಗಿದ್ದರೆ ಅದರ ಹೆಸರು ದಾರ ಹಿಡಿದವರಿಗೆ ಹೋಗಬೇಕು. ಗೆರೆ ಬಿಸಿಯಾಗಿರುವಾಗಲೇ ಮೇಲೆ ಸಣ್ಣ ಸಣ್ಣ ಗಾಜಿನ ಮಣಿ ಉದುರಿಸುತ್ತಾರೆ. ರಾತ್ರಿ ಗಾಡಿಯ ಲೈಟು ಬಿದ್ದಾಗ ಪಟ್ಟೆ ಹೊಳೆಯುವುದು ಆ ಮಣಿಗಳಿಂದ. ಮಗಳಿಗೆ ಒಂದು ಟಾರ್ಚ್ ಕೊಟ್ಟು, ಗಾಡಿ ಓಡಾಡದ ಕಡೆ ತೋರಿಸಿ.

ಹಳದಿ ಕೊಡೆ:
ಗಾಜಿನ ಮಣಿ! ನನಗೇ ಗೊತ್ತಿರಲಿಲ್ಲ ಸರ್. ಇವತ್ತು ರಾತ್ರಿಯೇ ನೋಡುತ್ತೇವೆ.

ಕಪ್ಪು ಹಲಗೆ:
ಸರ್ಕಾರಿ ಶಾಲೆ ಮೇಷ್ಟ್ರು ನಾನು, ತುಮಕೂರು ಜಿಲ್ಲೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೊಠಡಿ. ಬ್ಯಾಗ್ ಇಲ್ಲದ ಶನಿವಾರ ಊರಿನ ಒಬ್ಬರನ್ನು ಕ್ಲಾಸಿಗೆ ಕರೆಯುತ್ತೇನೆ. ಭಾಷಣ ಬೇಡ, ನಿಮ್ಮ ಸಾಮಾನು ತನ್ನಿ ಸಾಕು ಅಂತ ಹೇಳಿರುತ್ತೇನೆ. ಮಕ್ಕಳು ಮೂರು ಪ್ರಶ್ನೆ ಕೇಳಬೇಕು. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ? ಯಾವುದು ಕಷ್ಟ? ತಪ್ಪು ಮಾಡಿದ್ರೆ ಏನಾಗುತ್ತೆ?

ಮೂರನೇ ಪ್ರಶ್ನೆಗೆ ಬರುವ ಉತ್ತರಕ್ಕೇ ನಾನು ಕಾಯುವುದು. ಒಮ್ಮೆ ಲೈನ್‌ಮನ್ ಬಂದಿದ್ದರು. ಕಂಬ ಹತ್ತುವ ಮುಂಚೆ ಎಲ್‌ಸಿ ತೆಗೆದುಕೊಳ್ಳುವುದು, ಅಂದರೆ ಈ ಲೈನಿಗೆ ಕರೆಂಟ್ ಬಿಡಬೇಡಿ ಅಂತ ಸ್ಟೇಷನ್ನಿಗೆ ಹೇಳಿ ಒಪ್ಪಿಗೆ ಪಡೆಯುವುದು, ಆಮೇಲೆ ಉಳಿದ ಕರೆಂಟ್ ನೆಲಕ್ಕಿಳಿಯಲು ತಂತಿಗೆ ಅರ್ಥ್ ರಾಡ್ ಹಾಕುವುದು, ಎಲ್ಲ ಹೇಳಿದರು. "ಕೆಳಗೆ ಇರೋ ನನ್ನ ಸ್ನೇಹಿತ ಸರಿಯಾಗಿ ಕೇಳಿಸ್ಕೊಳ್ಲಿಲ್ಲ ಅಂದ್ರೆ ನಾನು ಮನೆಗೆ ಹೋಗಲ್ಲ" ಅಂದರು. ಇಡೀ ಕ್ಲಾಸು ಉಸಿರು ಬಿಗಿ ಹಿಡಿದು ಕೂತಿತ್ತು. ಆಮೇಲೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ಒಬ್ಬ ಹುಡುಗ ಮನೆಯಲ್ಲಿ "ಬೈಬೇಡಿ, ಮಾಮ ಕಂಬದ ಮೇಲಿದಾರೆ" ಅಂದನಂತೆ. ಅವನ ಅಪ್ಪನೇ ನನಗೆ ಹೇಳಿದ್ದು.

ನೀರುಗಂಟಿಯನ್ನೂ ಕರೆದಿದ್ದೆ. ಯಾವ ಬೀದಿಯ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಕೊನೆ ಮನೆಗೆ ನೀರು ಹೋಗುತ್ತದೆ ಅನ್ನುವುದು ಅವರ ಕೈಗೇ ಗೊತ್ತು. ಬರೆದಿಟ್ಟಿರುವ ಪುಸ್ತಕ ಯಾವುದೂ ಇಲ್ಲ.

ಪೇಡೆ ಪ್ರಿಯ:
ಮಾಸ್ತರ್ರ, ಮೂರನೇ ಪ್ರಶ್ನೆ ಭಾಳ ಚಲೋ ಐತ್ರೀ. ನಾನೂ ಬಳಸುತ್ತೇನೆ.

ಮೌನಿ:
ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಆರು ವರ್ಷದ ಮಗುವಿಗೆ ಕೆಲಸದ ಚಿಂತೆ ಯಾಕೆ? ಮಣ್ಣಲ್ಲಿ ಆಡಲಿ, ಮರ ಹತ್ತಲಿ. ಈಗಿನಿಂದಲೇ "ಏನಾಗ್ತೀಯ, ಏನಾಗ್ತೀಯ" ಅಂತ ಕೇಳಿ ಕೇಳಿ ಮಕ್ಕಳ ತಲೆ ಕೆಡಿಸುತ್ತೇವೆ. ನನಗೆ ನಲವತ್ತಾದ ಮೇಲೆ ಇಷ್ಟದ ಕೆಲಸ ಸಿಕ್ಕಿತು.

ಹಳದಿ ಕೊಡೆ:
ಮೌನಿ ಸರ್, ಏನಾಗ್ತೀಯ ಅಂತ ಕೇಳಿದ್ದು ಶಾಲೆ, ನಾನಲ್ಲ. "ಇದನ್ನು ಯಾರು ಮಾಡಿದ್ದು?" ಅಂತ ಅವಳು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ, ಅಷ್ಟೇ.

ಮೌನಿ:
ಹಾಗಾದರೆ ಸರಿ. ಆ ಪ್ರಶ್ನೆ ಚೆನ್ನಾಗಿದೆ.

ಪೇಡೆ ಪ್ರಿಯ:
"ಯಾರು ಮಾಡಿದ್ದು" ಅಂದಿರಲ್ಲ, ನಮ್ಮ ಕಡೆಯಿಂದ ಒಂದು ಹೇಳುತ್ತೇನೆ. ಆಗಸ್ಟ್ 15ಕ್ಕೆ ಬಾವುಟ ಹಾರಿಸುತ್ತೀರಲ್ಲ, ಅದನ್ನು ಯಾರು ಮಾಡಿದ್ದು ಅಂತ ಮಗಳನ್ನು ಕೇಳಿ. ನಮ್ಮ ಧಾರವಾಡದ ಹತ್ತಿರ ಗರಗ ಅಂತ ಊರಿದೆ. ಕೆಂಪು ಕೋಟೆಯ ಮೇಲೆ ಹಾರುವ ಖಾದಿ ಬಾವುಟ ಅಲ್ಲೇ ತಯಾರಾಗುವುದು.

ಚಂದ್ರಂಕಿ:
ಗರಗದಲ್ಲಿ ಬಟ್ಟೆ ನೇಯುತ್ತಾರೆ, ಬಾವುಟ ಹೊಲಿಯುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅಲ್ವಾ?

ಪೇಡೆ ಪ್ರಿಯ:
ಹೌದ್ರೀ, ನೀವು ಹೇಳಿದ್ದೇ ಸರಿ. ಬಟ್ಟೆ ಗರಗದ್ದು, ಬಾಗಲಕೋಟೆ ಕಡೆಯ ತುಳಸಿಗೇರಿಯದ್ದೂ ಇರುತ್ತದೆ. ಹೊಲಿಗೆ ಬೆಂಗೇರಿಯ ಖಾದಿ ಸಂಘದಲ್ಲಿ. ಆ ಸಂಘ 1957ರದ್ದು. ಅಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಅಳತೆ ಒಂಬತ್ತು ಥರ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಚಕ್ರದ 24 ಗೆರೆ ಎರಡೂ ಕಡೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಸ್ವಲ್ಪ ಸರಿದರೂ ಆ ಬಾವುಟ ಪಾಸಾಗುವುದಿಲ್ಲ. ಮೇಷ್ಟ್ರ ಮೂರನೇ ಪ್ರಶ್ನೆಗೆ ಇಲ್ಲೂ ಉತ್ತರ ಇದೆ ನೋಡಿ.

ಇನ್ನೊಂದು ಮಾತೂ ಮಕ್ಕಳಿಗೆ ಹೇಳಬೇಕು. 2021ರ ಕೊನೆಯಲ್ಲಿ ನಿಯಮ ಬದಲಾಯಿತು, ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಖಾದಿ ಬಾವುಟದ ಬೇಡಿಕೆಗೆ ಪೆಟ್ಟು ಬಿತ್ತು. ನೂಲುವವರ ಕೈಗೆ ಕೆಲಸ ಕಡಿಮೆ ಆಯಿತು. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ.

ಅಡಿಕೆ ಸೋಗೆ:
ನಮ್ಮ ಶಿರಸಿ ಕಡೆ ಬನ್ನಿ, ಕೊನೆಗಾರರನ್ನು ತೋರಿಸುತ್ತೇನೆ. ಅಡಿಕೆ ಗೊನೆಗೆ ನಾವು ಕೊನೆ ಅನ್ನುತ್ತೇವೆ, ಅದನ್ನು ಕೊಯ್ಯುವವರು ಕೊನೆಗಾರರು. ಅಡಿಕೆ ಕೊಯ್ಲಿನ ದಿನ ಮಕ್ಕಳು ತೋಟ ಬಿಟ್ಟು ಮನೆಗೆ ಬರುವುದಿಲ್ಲ. ಕಾಲಿಗೆ ತಳೆ ಅನ್ನುವ ಬಳೆಯಂಥ ಕುಣಿಕೆ ಹಾಕಿಕೊಂಡು ಐವತ್ತು ಅಡಿ ಮರ ಹತ್ತುತ್ತಾರೆ. ಒಂದು ಮರದ ಕೊನೆ ಕೊಯ್ದ ಮೇಲೆ ಕೆಳಗೆ ಇಳಿಯುವುದಿಲ್ಲ. ಮರವನ್ನೇ ತೂಗಿಸಿ ಬಗ್ಗಿಸಿ ಪಕ್ಕದ ಮರ ಹಿಡಿದು ದಾಟುತ್ತಾರೆ. ಕೊಯ್ದ ಕೊನೆ ಹಗ್ಗದ ಮೇಲೆ ಸರ್ರನೆ ಜಾರಿ ಕೆಳಗೆ ಬರುತ್ತದೆ. ಕೆಳಗೆ ಹಗ್ಗ ಹಿಡಿದವರು ಅದನ್ನು ಹಿಡಿದುಕೊಳ್ಳಬೇಕು, ಅಡಿಕೆ ಉದುರಬಾರದು.

ಕೆಂಪಿರುವೆ:
ನಮ್ಮ ಅಪ್ಪ ಕೊನೆಗಾರ. ಹದಿನೈದು ವರ್ಷದ ಹಿಂದೆ, ಮಳೆಗಾಲದಲ್ಲಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧ ಹೊಡೆಯಲು ಹತ್ತಿದಾಗ ಮರ ಜಾರಿ ಬಿದ್ದರು. ಸೊಂಟ ಹೋಯಿತು. ಆಮೇಲೆ ಅಮ್ಮನ ಕೂಲಿಯಲ್ಲಿ ಮನೆ ನಡೆಯಿತು. ಅಪ್ಪನ ಕೆಲಸದ ಬಗ್ಗೆ ನನಗೆ ತುಂಬಾ ಹೆಮ್ಮೆ. ಆದರೆ ತೋಟಕ್ಕೆ ಬಂದವರು ವೀಡಿಯೊ ತೆಗೆದು ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಅವರು ಬಿದ್ದ ಮೇಲೆ ಯಾರೂ ಬರಲಿಲ್ಲ. ಮಕ್ಕಳಿಗೆ ತೋರಿಸಿ, ಬೇಡ ಅನ್ನುವುದಿಲ್ಲ. ಆ ಮನುಷ್ಯನ ಹೆಸರು ಕೇಳಿ. ಬೆಲ್ಟು ಇದೆಯಾ ಅಂತ ಕೇಳಿ. ವಿಮೆ ಇದೆಯಾ ಅಂತ ತೋಟದ ಯಜಮಾನರನ್ನು ಕೇಳಿ.

ಅಡಿಕೆ ಸೋಗೆ:
ಕೆಂಪಿರುವೆ ಅವರೇ, ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನಾನು ತೋಟದ ಕಡೆಯವನು, ಅದಕ್ಕೇ ಬರೀ ಚಂದ ಕಂಡಿತು. ನಮ್ಮಲ್ಲಿ ಈಗ ಕೆಳಗೆ ನಿಂತೇ ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದನೆಯ ಕೋಲಿನಲ್ಲಿ ಕೊಯ್ಯುವುದು, ಔಷಧ ಹೊಡೆಯುವುದು ಶುರುವಾಗಿದೆ. ಬೆಲ್ಟಿನ ವಿಷಯ ಈ ಸಲ ನಾನೇ ನೋಡಿಕೊಳ್ಳುತ್ತೇನೆ.

ಜಲ್ಲಿಕಲ್ಲು:
ದೋಟಿಗೆ ಎಷ್ಟು ಬೀಳುತ್ತದೆ? ನಮ್ಮ ಮಾವನಿಗೆ ಒಂದು ಕೊಡಿಸಬೇಕು.

ಅಡಿಕೆ ಸೋಗೆ:
ಉದ್ದದ ಮೇಲೆ ಹೋಗುತ್ತದೆ, ಕಮ್ಮಿಯೇನಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಕೇಳಿ ನೋಡಿ. ಕೊಳ್ಳುವ ಮುಂಚೆ ಹತ್ತು ಮರ ಕೊಯ್ದು ನೋಡಲಿ, ಮೊದಲೆರಡು ದಿನ ಕತ್ತು ನೋಯುತ್ತದೆ.

ಕುಲುಮೆ:
ನಾನೂ ಒಂದು ಕಹಿ ಮಾತು ಹೇಳಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗೋಡೆಗೆ ‘ನಮ್ಮ ಸಹಾಯಕರು’ ಅಂತ ಚಾರ್ಟ್ ಇತ್ತು. ಕುಂಬಾರ, ಕಮ್ಮಾರ, ಚಮ್ಮಾರ, ಅಗಸ. ಪಾಠ ಮಾಡುವಾಗ ಕಮ್ಮಾರ ಅಂದ ತಕ್ಷಣ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಇನ್ನೊಬ್ಬ ಹುಡುಗ ಚಮ್ಮಾರ ಅಂದಾಗ ತಲೆ ತಗ್ಗಿಸಿ ಕೂತಿದ್ದ. ಅವನು ಮಾರನೇ ದಿನ ಶಾಲೆಗೆ ಬರಲಿಲ್ಲ.

ನಮ್ಮಲ್ಲಿ ಕೆಲಸ ಅಂದರೆ ಜಾತಿಯೂ ಅಂಟಿಕೊಂಡೇ ಬರುತ್ತದೆ. ‘ಅಪರೂಪದ ಕಸುಬು’ ಅಂತ ಖುಷಿಯಿಂದ ತೋರಿಸುವವರು ಇದನ್ನು ಮರೆಯಬಾರದು. ಆ ಮನೆಯವರು ಮಾಡುವ ಕೆಲಸ ಅಂತ ಹೇಳಬೇಡಿ. ಕಲಿತರೆ ಯಾರಿಗೆ ಬೇಕಾದರೂ ಬರುವ ಕೆಲಸ ಅಂತ ಹೇಳಿ. ಕಬ್ಬಿಣ ಕೆಂಪಾಗಿ, ಆಮೇಲೆ ಹಳದಿಗೆ ತಿರುಗುವುದನ್ನು ನೋಡಿ ಯಾವಾಗ ಬಡಿಯಬೇಕು ಅಂತ ತಿಳಿಯಲು ನಮ್ಮ ಅಪ್ಪನಿಗೆ ವರ್ಷಗಳು ಹಿಡಿದವು. ಅದು ಹುಟ್ಟಿನಿಂದ ಬಂದದ್ದಲ್ಲ.

ಕಪ್ಪು ಹಲಗೆ:
ಒಪ್ಪಿದೆ ಕುಲುಮೆ ಅವರೇ, ಪೂರ್ತಿ ಒಪ್ಪಿದೆ. ನಮ್ಮ ಕ್ಲಾಸಿನ ಮಗುವಿನ ಅಪ್ಪ ಅಮ್ಮನನ್ನೇ ಕರೆಯುವ ಮುಂಚೆ ಆ ಮಗುವನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ. ಬೇಡ ಅಂದರೆ ಬಿಟ್ಟುಬಿಡುತ್ತೇನೆ. ಇನ್ನೊಂದು, ಒಂದೇ ದಿನ ಇಬ್ಬರನ್ನು ಕರೆಯುತ್ತೇನೆ. ವೆಲ್ಡಿಂಗ್ ಮಾಡುವವರ ಜೊತೆ ಬ್ಯಾಂಕಿನವರು. ಇಬ್ಬರಿಗೂ ಅದೇ ಮೂರು ಪ್ರಶ್ನೆ, ಒಂದೇ ಥರದ ಕುರ್ಚಿ.

ಚಂದ್ರಂಕಿ:
ನಮ್ಮದು ರಾಮನಗರ ಕಡೆ, ರೇಷ್ಮೆ ಮನೆ. ಹಳದಿ ಕೊಡೆ ಅಕ್ಕ, ನಿಮಗೆ ಹತ್ತಿರ. ಮಕ್ಕಳಿಗೆ ಹುಳ ಸಾಕುವುದಕ್ಕಿಂತ ಚಂದದ ಪಾಠ ಇಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ, ಒಂದನೇ ಜ್ವರ, ಎರಡನೇ ಜ್ವರ ಹೀಗೆ. ಜ್ವರದಲ್ಲಿ ಸೊಪ್ಪು ತಿನ್ನುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುವುದನ್ನು ಕೇಳಬೇಕು ನೀವು, ಮನೆಯೊಳಗೆ ಸಣ್ಣಗೆ ಮಳೆ ಸುರಿದಂತೆ ಸದ್ದು. ಹುಳ ಹಣ್ಣಾದಾಗ ಚಂದ್ರಂಕಿ ಅನ್ನುವ ಬಿದಿರಿನ ತಟ್ಟೆಗೆ ಬಿಡುತ್ತೇವೆ, ಅಲ್ಲಿ ಗೂಡು ಕಟ್ಟುತ್ತದೆ. ಒಂದು ಒಳ್ಳೆ ಗೂಡಿನಿಂದ ಒಂದು ಕಿಲೋಮೀಟರಿನಷ್ಟು ಎಳೆ ಬರುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು. ಬೆಳಿಗ್ಗೆ ಬಂದರೆ ಹರಾಜು ನೋಡಬಹುದು.

ಕಣಗಿಲೆ:
ಗೂಡು ಬೇಯಿಸುವುದನ್ನು ನೋಡಿ ನನ್ನ ಮಗ ಅತ್ತುಬಿಟ್ಟ. "ಒಳಗೆ ಹುಳ ಇದೆಯಲ್ಲ" ಅಂತ. ಏನು ಹೇಳಬೇಕೋ ತಿಳಿಯಲಿಲ್ಲ.

ಚಂದ್ರಂಕಿ:
ನಿಜ ಹೇಳಿ. ಒಳಗಿನ ಹುಳ ಸಾಯುತ್ತದೆ, ಚಿಟ್ಟೆ ಕೊರೆದು ಹೊರಗೆ ಬಂದರೆ ಎಳೆ ತುಂಡಾಗುತ್ತದೆ, ಅದಕ್ಕೆ ಹೀಗೆ ಮಾಡುತ್ತಾರೆ. ಚಿಕ್ಕವಳಿದ್ದಾಗ ನಾನೂ ಅತ್ತಿದ್ದೇನೆ. ನಮ್ಮ ಅಜ್ಜಿ ಸುಳ್ಳು ಹೇಳಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡರು ಅಷ್ಟೇ.

ಫಿಲ್ಟರ್ ಕಾಫಿ:
ಒಂದು ಮಜವಾದ ಕೆಲಸ ಯಾರೂ ಹೇಳಿಲ್ಲ. ಕಾಫಿ ರುಚಿ ನೋಡುವವರು! ನನ್ನ ತಂಗಿ ಅದನ್ನೇ ಓದಿದ್ದಾಳೆ, ಕಾಫಿ ಬೋರ್ಡಿನವರ ಒಂದು ವರ್ಷದ ಡಿಪ್ಲೊಮಾ ಇದೆ. ಬಟ್ಟಲುಗಳನ್ನು ಸಾಲಾಗಿ ಇಟ್ಟು, ಮೊದಲು ಮೂಸಿ, ಆಮೇಲೆ ಚಮಚದಲ್ಲಿ ತೆಗೆದು ಸುರ್‍ರ್ ಅಂತ ಜೋರಾಗಿ ಹೀರಬೇಕು. ಸದ್ದು ಬಂದಷ್ಟೂ ಒಳ್ಳೆಯದು, ಕಾಫಿ ಬಾಯಿ ತುಂಬ ಹರಡುತ್ತದೆ. ಆಮೇಲೆ ಉಗಿಯಬೇಕು. ಮಕ್ಕಳಿಗೆ ಕಾಫಿ ಬೇಡ, ಬೆಲ್ಲದ ನೀರು ಮೂರು ಬಟ್ಟಲು ಮಾಡಿ, ಒಂದರಲ್ಲಿ ಚಿಟಿಕೆ ಉಪ್ಪು, ಇನ್ನೊಂದರಲ್ಲಿ ನಾಲ್ಕು ಹನಿ ನಿಂಬೆ. ಕಣ್ಣು ಮುಚ್ಚಿ ಯಾವುದು ಅಂತ ಹೇಳಲಿ. ನಮ್ಮ ಮನೆಯಲ್ಲಿ ಇಡೀ ಭಾನುವಾರ ಹೀಗೇ ಕಳೆಯಿತು.

ಕಣಗಿಲೆ:
ಸದ್ದು ಮಾಡಿ ಕುಡಿಯುವ ಕೆಲಸ ಇದೆ ಅಂತ ನನ್ನ ಮಗನಿಗೆ ಹೇಳಿದರೆ ನಾಳೆಯಿಂದ ಹಾಲು ಖಾಲಿ.

ವೀರಗಲ್ಲು:
ಶಾಸನ ಓದುವವರ ಬಗ್ಗೆ ಹೇಳಲೇಬೇಕು, ನನ್ನ ಪ್ರೀತಿಯ ವಿಷಯ. ಕಲ್ಲಿನ ಮೇಲಿನ ಅಕ್ಷರ ಸವೆದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಉಬ್ಬಿದ ಜಾಗ ಕಪ್ಪು, ಅಕ್ಷರ ಬಿಳಿ. ಸಾವಿರ ವರ್ಷದ ಹಿಂದಿನ ಮಾತು ಕಾಗದದ ಮೇಲೆ ಎದ್ದು ಬರುತ್ತದೆ. ನಾನು ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು.

ಮನೆಯಲ್ಲಿ ಮಾಡುವುದು ಸುಲಭ. ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿ. ಆಮೇಲೆ ಊರ ದೇವಸ್ಥಾನದ ಹತ್ತಿರದ ವೀರಗಲ್ಲು ತೋರಿಸಿ. ದಯವಿಟ್ಟು ಕಲ್ಲಿಗೆ ಬಣ್ಣ, ಎಣ್ಣೆ ಹಚ್ಚಬೇಡಿ, ಸೀಮೆಸುಣ್ಣದಲ್ಲೂ ಗೀಚಬೇಡಿ.

ಮೌನಿ:
ನಿಘಂಟು ಮಾಡುವುದೂ ಒಂದು ಕೆಲಸ ಅಂತ ಮಕ್ಕಳಿಗೆ ಹೇಳಿ. ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿದರು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದರು. ನನ್ನ ಮೊಮ್ಮಗಳು ಅಜ್ಜಿಯ ಬಾಯಲ್ಲಿ ಬರುವ ಹೊಸ ಪದಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾಳೆ. ನಿನ್ನೆ "ನೆಲವು" ಸಿಕ್ಕಿತು. ಬೆಕ್ಕಿಗೆ ಎಟುಕದಂತೆ ಹಾಲು ಮೊಸರು ತೂಗುಹಾಕುವುದು.

ಫಿಲ್ಟರ್ ಕಾಫಿ:
ಮಕ್ಕಳಿಗೆ ಕೆಲಸ ಯಾಕೆ ಅಂದವರು ನೀವೇ, ಈಗ ಮೊಮ್ಮಗಳಿಗೆ ಕೆಲಸ ಕೊಟ್ಟಿದ್ದೀರಿ!

ಮೌನಿ:
ಅದು ಆಟ. ನಾನು ಆಟ ಬೇಡ ಅಂದಿರಲಿಲ್ಲ.

ಘಾಟಿ ರೈಲು:
ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಡುವೆ ರೈಲಿನಲ್ಲಿ ಹೋಗುವಾಗ ಮಕ್ಕಳು 57 ಸುರಂಗ ಎಣಿಸುತ್ತಾರೆ. ಹಳಿ ಪಕ್ಕ ಸುತ್ತಿಗೆ, ಬಾವುಟ ಹಿಡಿದು ನಿಂತಿರುತ್ತಾರಲ್ಲ, ಅವರನ್ನೂ ತೋರಿಸಿ. ಕೀಮ್ಯಾನ್. ದಿನಾ ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲ ಆದ ಕೀಲಿ ಬಿಗಿ ಮಾಡುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದಿದೆಯಾ ಅಂತ ರಾತ್ರಿಯೂ ಕಾವಲು ಇರುತ್ತದೆ. ಅಪಾಯ ಕಂಡರೆ ಹಳಿ ಮೇಲೆ ಪಟಾಕಿ ಇಡುತ್ತಾರೆ, ಚಕ್ರ ಹತ್ತಿದರೆ ಸಿಡಿದು ಲೋಕೋ ಪೈಲಟ್‌ಗೆ ಕೇಳಿಸುತ್ತದೆ. ನಮ್ಮ ಚಿಕ್ಕಪ್ಪ ಈ ಕೆಲಸದಲ್ಲಿದ್ದರು. ಕಿಟಕಿಯಿಂದ ಮಕ್ಕಳು ಕೈ ಬೀಸಿದರೆ ಆ ದಿನ ಮನೆಗೆ ಬಂದು ಹೇಳುತ್ತಿದ್ದರು.

ಕೆಂಪಿರುವೆ:
ಕೈ ಬೀಸುವುದು. ಇದಕ್ಕೆ ದುಡ್ಡೂ ಬೇಡ, ಟಿಕೆಟ್ಟೂ ಬೇಡ.

ಮೈಸೂರು ವೀಳ್ಯ:
ಇನ್ನೊಂದು. ವೋಟ್ ಹಾಕಿ ಬಂದ ದಿನ ಮಗಳಿಗೆ ಬೆರಳು ತೋರಿಸಿ. ಆ ಶಾಯಿ ಮಾಡುವುದು ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ್ದು, ಶಾಯಿ 1962ರ ಚುನಾವಣೆಯಿಂದ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಬೆಳಕು ಬಿದ್ದ ಮೇಲೆ ಕಪ್ಪಾಗುತ್ತದೆ. ಬೇರೆ ದೇಶಗಳಿಗೂ ಹೋಗುತ್ತದೆ.

ಹಳದಿ ಕೊಡೆ:
ಎಲ್ಲರಿಗೂ ಧನ್ಯವಾದ. ಎರಡು ವಾರದ ಸುದ್ದಿ ಹೇಳುತ್ತೇನೆ.

ಜಲ್ಲಿಕಲ್ಲು ಸರ್, ನೀವು ಹೇಳಿದ ದಿನವೇ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಟಾರ್ಚ್ ಬಿಟ್ಟು ನೋಡಿದೆವು. ಹೊಸ ಪಟ್ಟೆ ಹೊಳೆಯಿತು, ಹಳೆಯದು ಹೊಳೆಯಲಿಲ್ಲ. "ಮಣಿ ಉದುರಿಹೋಗಿದೆ, ಮತ್ತೆ ಹಾಕ್ಬೇಕು" ಅಂದಳು.

ಭಾನುವಾರ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಹೋದೆವು. ಒಂದು ಸಣ್ಣ ಘಟಕದಲ್ಲಿ ಕೇಳಿಕೊಂಡೆವು, ಒಬ್ಬ ಹಿರಿಯರು ಒಳಗೆ ಬಿಟ್ಟರು. ಲೇತಿನಲ್ಲಿ ಆಲೆ ಮರದ ತುಂಡು ತಿರುಗುತ್ತಿತ್ತು. ಅರಗಿನ ಕಡ್ಡಿ ಒತ್ತಿ ಹಿಡಿದರು, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಆಮೇಲೆ ಕೇದಗೆ ಎಲೆ ಒತ್ತಿದರು, ಕನ್ನಡಿ ಥರ ಹೊಳಪು. ಮಗಳು ಮೇಷ್ಟ್ರ ಮೂರೂ ಪ್ರಶ್ನೆ ಕೇಳಿದಳು. "ತಪ್ಪಾದ್ರೆ?" ಅಂದಾಗ ಅವರು ಬೆರಳು ತೋರಿಸಿದರು, ತುದಿಯಲ್ಲಿ ಹಳೆ ಗಾಯ. ಕೆಂಪಿರುವೆ ಅವರೇ, ಹೆಸರು ಕೇಳಿದೆವು. ಅವಳು ಬರುವಾಗ ಹೆಸರು ಹಿಡಿದು ಕರೆದು, "ತಾತಾ" ಅಂತ ಸೇರಿಸಿ, ಟಾಟಾ ಮಾಡಿದಳು.

ಆದರೆ ಮನೆಗೆ ಬಂದ ಮೇಲೆ ಆಡಿದ್ದು ಬಸ್ ಕಂಡಕ್ಟರ್ ಆಟ! ಕಂಡಕ್ಟರ್ ಮೇಡಂ ಟಿಕೆಟ್ ಮಷಿನ್ ಒತ್ತಿ ಚೀಟಿ ಹರಿದುಕೊಟ್ಟಿದ್ದು ಅವಳಿಗೆ ತುಂಬಾ ಹಿಡಿಸಿದೆ. ಮೂರು ದಿನದಿಂದ ನಮ್ಮ ಮನೆಯ ಸೋಫಾ ಚನ್ನಪಟ್ಟಣ ಬಸ್ಸು.

ಘಾಟಿ ರೈಲು:
ಅದು ಹಾಲೆ ಮರ ಅಲ್ವಾ?

ಚಂದ್ರಂಕಿ:
ನಮ್ಮ ಕಡೆ ಆಲೆ ಮರ ಅಂತಲೇ ಹೇಳುವುದು. ಹಾಲೆ ಅನ್ನುವವರೂ ಇದ್ದಾರೆ. ಎರಡೂ ಅದೇ ಮರ, ಕೊಂಬೆ ಮುರಿದರೆ ಹಾಲು ಬರುತ್ತದೆ.

ಕುಲುಮೆ:
ಕಂಡಕ್ಟರ್ ಆಟ ಆಡಲಿ ಅಕ್ಕ. ಚಿಲ್ಲರೆ ಲೆಕ್ಕವೂ ಬರುತ್ತದೆ. ಮುಂದಿನ ವರ್ಷ ವೇಷದ ದಿನ ಬಂದರೆ ಏನು ಮಾಡುತ್ತೀರಿ?

ಹಳದಿ ಕೊಡೆ:
ಅವಳು ಏನು ಹೇಳುತ್ತಾಳೋ ಅದೇ. ನಿನ್ನೆ ಶಾಲೆಗೆ ಹೋಗಿ ಟೀಚರ್ ಜೊತೆ ಕೂತು ಮಾತಾಡಿದೆ. ಅವರಿಗೂ ಮೇಲಿಂದ ಫೋಟೋ ಚೆನ್ನಾಗಿರಬೇಕು ಅಂತ ಒತ್ತಡ ಇತ್ತಂತೆ. ಮೇಷ್ಟ್ರ ಮೂರು ಪ್ರಶ್ನೆ ಹೇಳಿದೆ, ಬರೆದುಕೊಂಡರು. ಮೊದಲು ಶಾಲೆ ವ್ಯಾನಿನ ಡ್ರೈವರನ್ನು ಕ್ಲಾಸಿಗೆ ಕರೆಯೋಣ ಅಂದಿದ್ದಾರೆ.

ಕಪ್ಪು ಹಲಗೆ:
ಒಳ್ಳೆಯದಾಯಿತು ಅಮ್ಮಾ. ಡ್ರೈವರಿಗೆ ಒಂದು ವಾರ ಮುಂಚೆಯೇ ಹೇಳಿ. ಇಲ್ಲದಿದ್ದರೆ ಮಕ್ಕಳ ಮುಂದೆ ನಿಂತು ಮಾತು ಹೊರಡುವುದಿಲ್ಲ, ಲೈನ್‌ಮನ್‌ಗೂ ಮೊದಲ ಐದು ನಿಮಿಷ ಹಾಗೇ ಆಗಿತ್ತು. ಮತ್ತೆ ವ್ಯಾನಿನ ಟೂಲ್ ಡಬ್ಬಿ ತರಲು ಹೇಳಿ.